ಕೊನೇ ಗದ್ದೆಗೆ ಮೊದಲ ನೀರು

ಅವರಿಗೆ ಅರವತ್ತು ತುಂಬಿದ ಸುದ್ದಿ ನನಗೆ ಬಂದದ್ದು ನಮ್ಮ ಇತಿಹಾಸ ಉಪನ್ಯಾಸಕರ ವಾಟ್ಸಾಪ್ ಗುಂಪಿನಲ್ಲಿ, ಒಂದು ಫೋಟೋದ ರೂಪದಲ್ಲಿ. ಜಗಳೂರಿನ ಯಾವುದೋ ಹೋಟೆಲಿನ ಮುಂದೆ ನಿಂತು ನಗುತ್ತಿದ್ದರು. ಕೆಳಗೆ ಯಾರೋ ‘ಇವತ್ತಿಗೆ ಸಾರ್ ಸೇವೆ ಮುಗಿಯಿತು’ ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದ್ದರು. ಇಂಥ ಸುದ್ದಿ ಓದಿದಾಗ ಮನುಷ್ಯನಾದವನಿಗೆ ಏನೇನು ಅನ್ನಿಸಬೇಕೆಂಬುದು ನನಗೂ ಗೊತ್ತಿದೆ. ನಾನು ಮಾತ್ರ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಅವರ ತಲೆಗೂದಲು ನೋಡಿದೆ. ಕಪ್ಪಗಿತ್ತು. ಬಣ್ಣ ಹಚ್ಚಿದ್ದಲ್ಲ. ಅದನ್ನು ಬಹಳ ಹಿಂದೆಯೇ, ಅವರು ಕಟಿಂಗ್ ಮಾಡಿಸಿಕೊಳ್ಳುತ್ತಿದ್ದ ಅಂಗಡಿಗೆ ಹೋಗಿ, ಅಗತ್ಯವಿಲ್ಲದ ಒಂದು ಶೇವಿಂಗ್ ಮಾಡಿಸಿಕೊಂಡು, ವಿಚಾರಿಸಿ ಖಚಿತಪಡಿಸಿಕೊಂಡಿದ್ದೆ. ನಾನು ಅವರಿಗಿಂತ ಎಂಟು ವರ್ಷ ಚಿಕ್ಕವನು. ನನ್ನ ತಲೆಯ ವಿಚಾರ ಇಲ್ಲಿ ಬೇಡ.

ಅವರು ಅತಿಥಿ ಉಪನ್ಯಾಸಕರಾಗಿದ್ದರು. ಅತಿಥಿಗೆ ಬೀಳ್ಕೊಡುಗೆ ಎಂಬುದಿಲ್ಲ. ವರ್ಷ ವರ್ಷವೂ ಹೊಸದಾಗಿ ಕರೆಸಿಕೊಳ್ಳುತ್ತಾ ಇರುತ್ತಾರೆ, ಒಂದು ದಿನ ಕರೆಯುವುದು ನಿಲ್ಲುತ್ತದೆ, ಅಷ್ಟೆ. ಹೀಗೆ ಅವರು ನಮ್ಮ ಚನ್ನಗಿರಿ ಕಾಲೇಜಿನಲ್ಲಿ ಒಂಬತ್ತು ವರ್ಷ ಅತಿಥಿಯಾಗಿದ್ದರು. ದಿನಾ ಹೊನ್ನಾಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರಿಂದ ಹುಡುಗರು ಅವರನ್ನು ‘ಹೊನ್ನಾಳಿ ಸಾರ್’ ಎನ್ನುತ್ತಿದ್ದರು. ನಾನು ಕಾಯಂ ನೌಕರ, ವಿಭಾಗದ ಮುಖ್ಯಸ್ಥ, ಕಾಲೇಜಿನಿಂದ ನಾಲ್ಕು ನಿಮಿಷದ ನಡಿಗೆಯಲ್ಲಿ ಮನೆ. ನನ್ನನ್ನು ಹುಡುಗರು ಬರೀ ‘ಸಾರ್’ ಎನ್ನುತ್ತಿದ್ದರು. ಬೇರೆ ಹೆಸರಿಡಲು ಕಾರಣ ಸಿಕ್ಕಿರಲಿಕ್ಕಿಲ್ಲ.

ಅವರಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಮೇಲುನೋಟಕ್ಕೆ ಏನೂ ಇರಲಿಲ್ಲ. ವಾರಕ್ಕೆ ಎರಡು ದಿನವಾದರೂ ಬಸ್ಸು ತಡ, ಹಾಗಾಗಿ ಅವರೂ ತಡ. ಸಿಲೆಬಸ್ ಯಾವ ವರ್ಷವೂ ಮುಗಿಸಿದವರಲ್ಲ. ನನ್ನಿಂದ ಒಯ್ದ ಪುಸ್ತಕ ವಾಪಸ್ ಬಂದಾಗ ಹಾಳೆಗಳ ನಡುವೆ ಮಂಡಕ್ಕಿ ಒಗ್ಗರಣೆಯ ಅರಿಶಿನದ ಗುರುತು ಇರುತ್ತಿತ್ತು. ಒಮ್ಮೆ ಒಂದು ಸಾಸಿವೆ ಕಾಳೇ ಇತ್ತು. ಹೇಳಿದರೆ, “ಓದಿದ್ದಕ್ಕೆ ಸಾಕ್ಷಿ ಬೇಕಲ್ಲ ಸಾರ್” ಎಂದು ನಕ್ಕುಬಿಡುತ್ತಿದ್ದರು. ಅವರ ಹುಡುಗರ ಅಂಕಗಳೂ ನನ್ನ ಹುಡುಗರ ಅಂಕಗಳಿಗಿಂತ ಕಡಿಮೆಯೇ. ನಾನು ಪ್ರತಿ ವರ್ಷ ಹೋಲಿಸಿ ನೋಡುತ್ತಿದ್ದೆ.

ಆದರೆ ಅವರ ಕ್ಲಾಸು ಮುಗಿದ ಮೇಲೆ ಹುಡುಗರು ಹೊರಗೆ ಬರುತ್ತಿರಲಿಲ್ಲ. ಬೆಲ್ ಆಗಿ ಮುಂದಿನ ಕ್ಲಾಸಿಗೆ ನಾನು ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದರೂ ಒಳಗೆ ವಾದ ನಡೆದೇ ಇರುತ್ತಿತ್ತು. ಅವರಿಗೊಂದು ಅಭ್ಯಾಸ: ಪಾಠದಲ್ಲಿ ಯಾವ ರಾಜನ ಹೆಸರು ಬಂದರೂ ಸೀಮೆಸುಣ್ಣವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, “ರಾಜ ಇರ್ಲಿ ಬಿಡ್ರಪ್ಪ, ಆಮೇಲೆ ಬರ್ತಾನೆ. ಅವನ ಊರಾಗೆ ನೀರು ಬಿಡೋರು ಯಾರಿದ್ರು? ಅದು ಹೇಳ್ರಿ ಮೊದ್ಲು” ಎನ್ನುವುದು. ಪಠ್ಯದಲ್ಲಿ ಅದು ಇರುತ್ತಿರಲಿಲ್ಲ. ಹುಡುಗರು ಊಹಿಸುತ್ತಿದ್ದರು. ಊಹೆಯಿಂದ ಜಗಳವಾಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ನಾನು ಒಳಗೆ ಹೋದ ಮೇಲೆ ಕ್ಲಾಸು ಎಷ್ಟು ಶಾಂತವಾಗುತ್ತಿತ್ತೆಂದರೆ ಫ್ಯಾನಿನ ಶಬ್ದ ಕೇಳಿಸುತ್ತಿತ್ತು. ಇದನ್ನು ಬಹಳ ವರ್ಷ ಶಿಸ್ತು ಎಂದು ತಿಳಿದಿದ್ದೆ.

ಏಳು ವರ್ಷದ ಹಿಂದೆ, ಬೇಸಿಗೆ ರಜೆಗೆ ಸ್ವಲ್ಪ ಮೊದಲು, ಒಂದು ಸುತ್ತೋಲೆ ಬಂತು. ಅಂತಿಮ ಬಿ.ಎ.ಗೆ ಪ್ರಾಚೀನ ನಾಗರಿಕತೆಗಳ ಮೇಲೆ ಒಂದು ಉನ್ನತ ಮಟ್ಟದ ಐಚ್ಛಿಕ ಪೇಪರ್ ಶುರು ಮಾಡಬಹುದು ಎಂದು ಅದರಲ್ಲಿತ್ತು. ಸುಮೇರಿಯಾ, ಈಜಿಪ್ಟ್, ಸಿಂಧೂ ಕಣಿವೆ, ಚೀನಾ. ಹದಿನೆಂಟು ವರ್ಷದಿಂದ ನಾನು ಪಾಠ ಮಾಡುತ್ತಿದ್ದದ್ದು ಅದೇ ದಂಡಿ, ಅದೇ ಉಪ್ಪು. ಎಂ.ಎ. ಓದುವಾಗ ಸುಮೇರಿಯಾದವರು ಬರೆಯುತ್ತಿದ್ದ ಜೇಡಿಮಣ್ಣಿನ ಫಲಕಗಳ ಚಿತ್ರ ನೋಡುತ್ತಾ ಬಸ್ಸು ತಪ್ಪಿಸಿಕೊಂಡವನು ನಾನು. ಆ ಪೇಪರು ನನಗಾಗಿಯೇ ಬಂದಿದೆ ಎನ್ನಿಸಿತು.

ಅವರಿಗೂ ಹಾಗೇ ಅನ್ನಿಸಿತ್ತು. ಅವರ ಕಾರಣ ನನ್ನದಕ್ಕಿಂತ ಗಟ್ಟಿಯಾಗಿತ್ತು. ಅತಿಥಿ ಉಪನ್ಯಾಸಕರನ್ನು ಕರೆಸಿಕೊಳ್ಳುವುದು ವಿಭಾಗದಲ್ಲಿ ಉಳಿಯುವ ಪಾಠದ ಗಂಟೆಗಳ ಮೇಲೆ. ಕಾಯಂ ಇದ್ದವರು ತಮ್ಮ ಪಾಲು ತೆಗೆದುಕೊಂಡ ಮೇಲೆ ಮಿಕ್ಕಿದ್ದು ಅವರಿಗೆ. ಆ ವರ್ಷ ಬೇರೊಂದು ಪೇಪರು ನಿಂತುಹೋಗಿ ಅವರ ಗಂಟೆಗಳು ಕಡಿಮೆಯಾಗಿದ್ದವು. ಹೊಸ ಪೇಪರು ಅವರಿಗೆ ಹೋದರೆ ಅವರು ಚನ್ನಗಿರಿಯಲ್ಲಿ ಉಳಿಯುತ್ತಾರೆ, ನನಗೆ ಬಂದರೆ ಅವರ ಜಾಗ ಹೋಗುತ್ತದೆ. ಇದು ಅವರಿಗೆ, ನನಗೆ, ಕ್ಯಾಂಟೀನಿನವನಿಗೆ ಕೂಡ ಗೊತ್ತಿತ್ತು.

ನಮ್ಮ ಪ್ರಿನ್ಸಿಪಾಲ್ ಮೇಡಂ ಯಾರ ಮನಸ್ಸನ್ನೂ ನೋಯಿಸುವವರಲ್ಲ. ಇಬ್ಬರನ್ನೂ ಕೂರಿಸಿಕೊಂಡು, “ನೋಡ್ರಿ, ಹೆಂಗೂ ರಜೆ ಐತೆ. ಇಬ್ರೂ ತಯಾರಿ ಮಾಡ್ಕೊಳ್ರಿ. ಕಾಲೇಜು ತೆಗೆದ ಮೇಲೆ ಒಬ್ಬೊಬ್ರು ಒಂದೊಂದು ಕ್ಲಾಸು ತಗೊಳ್ರಿ, ಹುಡುಗ್ರೂ ಕೂತ್ಕೊಳ್ಳಲಿ, ನಾನೂ ಕೂತ್ಕೊಳ್ತೀನಿ. ಆಮೇಲೆ ನೋಡಾಣ” ಎಂದರು.

ಅವರು, “ಆಗ್ಲಿ ಮೇಡಂ” ಎಂದು ಎದ್ದರು. ನಾನು, “ಎಷ್ಟು ನಿಮಿಷದ ಕ್ಲಾಸು ಮೇಡಂ? ಪ್ರೊಜೆಕ್ಟರ್ ಇರ್ತದಾ? ಕರೆಂಟ್ ಹೋದ್ರೆ?” ಎಂದು ಕೇಳುತ್ತಾ ಇನ್ನೂ ಕಾಲು ಗಂಟೆ ಕೂತಿದ್ದೆ.

ನನ್ನ ತಯಾರಿಯ ವಿಚಾರ ಹೇಳಿದರೆ ಮುಗಿಯುವುದಿಲ್ಲ, ಮುಗಿಯಲೂ ಇಲ್ಲ. ಮೊದಲ ವಾರ ಪೂರ್ತಿ ತಯಾರಿಯ ವೇಳಾಪಟ್ಟಿ ತಯಾರಿಸಿದೆ. ನಾಗರಿಕತೆಗೊಂದು ಬಣ್ಣ ಎಂದು ಸ್ಕೆಚ್ ಪೆನ್ ತಂದೆ. ಸಿಂಧೂ ಕಣಿವೆಗೆ ಹಸಿರು ಎಂದುಕೊಂಡಿದ್ದರೆ ಹಸಿರು ಪೆನ್ನು ಒಣಗಿತ್ತು. ಅದನ್ನು ಬದಲಾಯಿಸಿಕೊಳ್ಳಲು ಅರ್ಧ ದಿನ. ಒಂಬತ್ತು ನೋಟ್‌ಬುಕ್ ತುಂಬಿಸಿದೆ. ಅಡುಗೆಮನೆಯ ಗೋಡೆಗೆ ಯೂಫ್ರೆಟಿಸ್ ನದಿಯ ನಕ್ಷೆ ಅಂಟಿಸಿದೆ, ಊಟ ಮಾಡುವಾಗ ಬಾಯಿಪಾಠವಾಗಲಿ ಎಂದು. ಕುಕ್ಕರಿನ ಆವಿಗೆ ಡೆಲ್ಟಾ ಪ್ರದೇಶ ಸುರುಳಿ ಸುತ್ತಿಕೊಂಡಿತು.

ಹೆಂಡತಿ ಹದಿನೈದು ದಿನ ಸಹಿಸಿಕೊಂಡಳು. ಒಂದು ದಿನ ಬಾಗಿಲಲ್ಲಿ ಬಂದು ನಿಂತು, “ರೀ, ಗ್ಯಾಸ್ ಬುಕ್ ಮಾಡಿದ್ರಾ?” ಎಂದಳು.

“ನೋಡ್ತಿಲ್ವಾ, ಸುಮೇರಿಯಾ ಮೇಲೆ ಅಕ್ಕಾಡಿಯನ್ನರು ಬರ್ತಿದಾರೆ.”

“ನಾಲ್ಕು ಸಾವಿರ ವರ್ಷ ಕಾದಾರೆ, ಇನ್ನೈದು ನಿಮಿಷ ಕಾಯಲ್ವಾ? ಸಿಲಿಂಡರ್ ಕಾಯಲ್ಲ.”

ಅದೇ ಹೊತ್ತಿಗೆ ಅವರ ತಯಾರಿಯ ಸುದ್ದಿಗಳು ಬರತೊಡಗಿದವು. ನಾನು ಯಾರನ್ನೂ ಕೇಳುತ್ತಿರಲಿಲ್ಲ. ಕೇಳದೆಯೇ ಹೇಳುವವರ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕೆರೆಬಿಳಚಿಯ ಒಬ್ಬ ವಿದ್ಯಾರ್ಥಿ ಹೇಳಿದ: “ಹೊನ್ನಾಳಿ ಸಾರ್ ನಮ್ಮೂರ ಇಟ್ಟಿಗೆ ಭಟ್ಟಿ ತಾವ ಕೂತಿದ್ರು ಸಾರ್. ಹಸಿ ಇಟ್ಟಿಗೆ ಮೇಲೆ ಕಡ್ಡಿ ತಗಂಡು ಏನೋ ಗೀಚ್ತಿದ್ರು. ಭಟ್ಟಿಯೋರು ಬೈದ್ರು.” ಇನ್ನೊಬ್ಬ, ಅವರನ್ನು ಕತ್ತಲಗೆರೆ ಆಚೆಗಿನ ಒಂದು ಹಳ್ಳಿಯ ಕೆರೆಯ ಹತ್ತಿರ ಮೂರು ದಿನದಿಂದ ನೋಡುತ್ತಿರುವುದಾಗಿ ಹೇಳಿದ. ಕೆರೆ ಹತ್ತಿರ ಏನು ಕೆಲಸ? “ಗೊತ್ತಿಲ್ಲ ಸಾರ್. ನೀರುಗಂಟಿ ಹಿಂದೆ ಹಿಂದೆ ತಿರುಗ್ತಾರೆ.”

ನೀರುಗಂಟಿ ಎಂದರೆ ಕೆರೆಯ ತೂಬು ತೆಗೆದು ಮುಚ್ಚಿ, ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವವನು. ಆ ಕೆರೆಯಲ್ಲಿ ಈಗಲೂ ಒಬ್ಬ ಅಜ್ಜ ಇದ್ದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ, ಕತ್ತಲಗೆರೆ ಕಡೆ ಒಳ್ಳೆಯ ಹುಣಸೆಹಣ್ಣು ಸಿಗುತ್ತದಂತೆ ಎಂದು ಹೆಂಡತಿಗೆ ಹೇಳಿ ಸ್ಕೂಟರ್ ಹತ್ತಿದೆ.

ಕೆರೆ ಏರಿಯ ಮೇಲಿಂದ ಕಂಡ ದೃಶ್ಯ ಇದು: ಪ್ಯಾಂಟನ್ನು ಮಂಡಿಯ ತನಕ ಮಡಿಸಿ, ಕಾಲುವೆಯ ಕೆಸರಿನಲ್ಲಿ ನಿಂತ ಹೊನ್ನಾಳಿ ಸಾರ್. ದಡದ ಮೇಲೆ ಸಲಿಕೆ ಹಿಡಿದು ಅವರನ್ನು ಬೈಯುತ್ತಿರುವ ಅಜ್ಜ.

“ಏ ಮೇಷ್ಟ್ರೇ, ಕಾಲ್ ತೆಗೀರಿ ಅತ್ಲಾಗೆ! ಅಡ್ಡ ನಿಂತ್ರೆ ನೀರು ಹೆಂಗ್ ಹೋಗ್ಬೇಕು? ಪುಸ್ತಕದಾಗೆ ನಿಂತಂಗೆ ನಿಂತೀರಲ್ಲ!”

ನನ್ನನ್ನು ನೋಡಿ ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. “ಬರ್ರಿ ಸಾರ್, ಬರ್ರಿ. ಹುಣಸೆಹಣ್ಣಿಗಾ?” ಎಂದರು. ಆ ಊರಿಗೆ ಬರುವವರೆಲ್ಲ ಅದೇ ನೆಪ ಹೇಳುತ್ತಾರೇನೋ. ಆಮೇಲೆ ಅಜ್ಜನ ಕಡೆ ತಿರುಗಿ, “ಅಜ್ಜಾ, ಇವ್ರು ನಮ್ಮ ದೊಡ್ಡ ಸಾರ್. ಆಗ ಹೇಳಿದ್ಯಲ್ಲ, ಅದನ್ನ ಇವ್ರಿಗೂ ಒಂದ್ಸಲ ಹೇಳು” ಎಂದರು.

“ಎಷ್ಟು ಸಲ ಹೇಳಾದು? ನೀರು ಕಮ್ಮಿ ಇದ್ದಾಗ ಮೊದ್ಲು ಕೊನೇ ಗದ್ದೆಗೆ ಬಿಡಾದು. ಆಮೇಲೆ ಒಂದೊಂದೇ ಮೇಲಕ್ಕೆ ಬರಾದು. ತೂಬಿನ ಬಾಯಾಗೆ ಇದ್ದೋನು ಕೊನೆಗೆ. ಮೇಲಿಂದ ಶುರು ಮಾಡಿದ್ರೆ ಕೆಳಗಿನೋನಿಗೆ ಏನ್ ಮುಟ್ತೈತೆ?”

“ಮತ್ತೆ ಅದು? ನಿನ್ ಗದ್ದೆ ವಿಚಾರ?” ಎಂದು ಅವರು ಕೆದಕಿದರು.

“ನನಗೆ ಈ ಕೆರೆ ಕೆಳಗೆ ಒಂದು ಗುಂಟೇನೂ ಇಲ್ಲ. ನಮ್ಮಪ್ಪಂಗೂ ಇರ್ಲಿಲ್ಲ. ಇರಂಗಿಲ್ಲ. ಗದ್ದೆ ಇದ್ದೋನ ಕೈಗೆ ಯಾರಾದ್ರೂ ತೂಬು ಕೊಡ್ತಾರಾ? ಕೊಟ್ರೆ ಊರು ಉಳಿತೈತಾ?”

ಅವರು ನನ್ನ ಕಡೆ ನೋಡಿದ ರೀತಿ, ಹಬ್ಬದ ದಿನ ಹೋಳಿಗೆ ಬಡಿಸಿ ತಿನ್ನುವವನ ಮುಖ ನೋಡುವವರ ಹಾಗಿತ್ತು. “ಕೇಳಿದ್ರಾ ಸಾರ್? ಇಡೀ ಸುಮೇರಿಯಾ ಇಲ್ಲೇ ಐತೆ!” ನಾನು “ಹೂಂ, ಚೆನ್ನಾಗಿದೆ” ಎಂದೆ. ಸ್ಕೂಟರಿನಲ್ಲಿ ವಾಪಸ್ ಬರುತ್ತಾ ಇದು ಪಠ್ಯಕ್ರಮಕ್ಕೆ ಸಂಬಂಧಿಸಿದ್ದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹುಣಸೆಹಣ್ಣು ತರುವುದು ಮರೆತಿತ್ತು. ಹೆಂಡತಿ ನನ್ನ ಶೂಗೆ ಮೆತ್ತಿದ್ದ ಕೆಸರು ನೋಡಿದಳು.

ಜೂನ್ ಬಂತು. ಮಂಗಳವಾರ ಅವರ ಕ್ಲಾಸು, ಗುರುವಾರ ನನ್ನದು.

ಅವರು ಹುಡುಗರನ್ನು ಕಾಲೇಜಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋದರು. ನೆಲದಲ್ಲಿ ಒಂದು ಉದ್ದನೆಯ ಕಾಲುವೆ ಗೀರಿ, ಅದರ ಎರಡೂ ಬದಿಗೆ ಹುಡುಗರಿಗೆ ಒಂದೊಂದು ತುಂಡು ನೆಲ ಹಂಚಿದರು. ಅದು ಅವರವರ ಗದ್ದೆ. ಟ್ಯಾಂಕಿನಿಂದ ರಬ್ಬರ್ ಪೈಪು ಎಳೆದು ತಂದರು. “ನೀರು ಹತ್ತು ನಿಮಿಷ ಮಾತ್ರ ಬರ್ತೈತೆ. ನಿಮ್ ನಿಮ್ ಗದ್ದೆ ನೆನೀಬೇಕು. ನಾನು ಬಾಯಿ ಬಿಡಲ್ಲ” ಎಂದು ಪೈಪನ್ನು ಗದ್ದೆ ಸಿಗದೆ ಸುಮ್ಮನೆ ನಿಂತಿದ್ದ ಒಬ್ಬ ಹುಡುಗಿಯ ಕೈಗೆ ಕೊಟ್ಟು, ತಾವು ಹೋಗಿ ಬೇವಿನ ಮರದ ಕೆಳಗೆ ಕೂತರು.

ಮೂರನೆಯ ನಿಮಿಷಕ್ಕೆ ಜಗಳ ಶುರುವಾಯಿತು. ಮೇಲಿನವರು ಒಡ್ಡು ಕಟ್ಟಿದರು, ಕೆಳಗಿನವರು ಬಂದು ಒಡೆದರು. “ಏ, ನಿಂದು ಆಗ್ಲೇ ನೆಂದೈತಲ್ಲೋ!” “ನಿಂಗೇನ್ ಗೊತ್ತು, ಮೇಲೆ ನೆಂದೈತೆ, ಒಳಗೆ ಒಣಗೈತೆ!” ಒಬ್ಬ ಸರದಿ ಮಾಡೋಣ ಎಂದ. ಯಾರ ಸರದಿ ಆಯಿತು ಎಂಬುದಕ್ಕೆ ಸಾಕ್ಷಿ ಏನು ಎಂದು ಇನ್ನೊಬ್ಬ. ಒಬ್ಬಳು ಹಸಿ ಮಣ್ಣಿನ ಉಂಡೆ ಮಾಡಿ, ನೀರು ಪಡೆದವರೆಲ್ಲ ಅದರ ಮೇಲೆ ಹೆಬ್ಬೆರಳು ಒತ್ತಬೇಕು ಎಂದಳು. ಆಗ ಅವರು ಮರದ ಕೆಳಗಿನಿಂದ ಎದ್ದು ಬಂದು ಆ ಉಂಡೆಯನ್ನು ಮೇಲೆತ್ತಿ ಹಿಡಿದು, “ಬರವಣಿಗೆ ಯಾಕೆ ಹುಟ್ಟಿರಬಹುದು ಅಂತ ಈಗ ಯಾರಾದ್ರೂ ನನಗೆ ಹೇಳ್ತೀರಾ?” ಎಂದು ಕೇಳಿದರು.

ಮೂವತ್ತು ಕೈಗಳು ಮೇಲೆದ್ದವು. ಕೆಸರು ಕೈಗಳು. ಹದಿನೆಂಟು ವರ್ಷದಲ್ಲಿ ನನ್ನ ಪ್ರಶ್ನೆಯೊಂದಕ್ಕೆ ಅಷ್ಟು ಕೈ ಎದ್ದದ್ದು ನನಗೆ ನೆನಪಿಲ್ಲ.

ನಾನು ಮಾಡಿದ ಒಂದೇ ಕೆಲಸ ಹೇಳುತ್ತೇನೆ: ನೀರಿಗಾಗಿ ಕಾದಾಡಿದ ಲಗಾಶ್ ಮತ್ತು ಉಮ್ಮಾ ಎಂಬ ಸುಮೇರಿಯಾದ ಎರಡು ಊರುಗಳ ಕಥೆ ಹೇಳುವಾಗ ಅವರು ಕಾಲವನ್ನು ಮುನ್ನೂರು ವರ್ಷ ತಪ್ಪು ಹೇಳಿದರು. ಅದನ್ನು ಡೈರಿಯಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಕೆಂಪು ಪೆನ್ನಿನಲ್ಲಿ.

ಗುರುವಾರ ನನ್ನ ಕ್ಲಾಸಿಗೆ ಹುಡುಗರು ಪ್ಯಾಂಟು ಮಡಿಸಿಕೊಂಡು ಬಂದಿದ್ದರು. ಒಳಗೆ ಕೂತುಕೊಳ್ಳಲು ಹೇಳಿದಾಗ ಮಡಿಕೆ ಇಳಿಸಿಕೊಂಡರು. ನನ್ನ ಬಳಿ ಎಪ್ಪತ್ತನಾಲ್ಕು ಸ್ಲೈಡುಗಳಿದ್ದವು. ಕರೆಂಟ್ ಹೋಗಲಿಲ್ಲ, ಹೋಗಿದ್ದರೆ ಎಂದು ತಯಾರಿಸಿಕೊಂಡಿದ್ದ ಚಾರ್ಟುಗಳು ವ್ಯರ್ಥವಾದವು. ಸುಮೇರಿಯಾದಿಂದ ಚೀನಾದವರೆಗೆ ಐವತ್ತು ನಿಮಿಷದಲ್ಲಿ ಮುಗಿಸಿದೆ. ಲಗಾಶ್ ಮತ್ತು ಉಮ್ಮಾ ಬಂದಾಗ ಸರಿಯಾದ ಕಾಲವನ್ನು ಎರಡು ಸಲ ಹೇಳಿ, ಕೊನೆಯ ಬೆಂಚಿನ ಕಡೆ ನೋಡಿದೆ. ಅವರು ಅಲ್ಲಿ ಕೂತಿದ್ದರು. ಕ್ಲಾಸಿನ ಉದ್ದಕ್ಕೂ ತಲೆ ಬಗ್ಗಿಸಿ ಏನೋ ಬರೆಯುತ್ತಲೇ ಇದ್ದರು. ನನ್ನ ತಪ್ಪುಗಳನ್ನು ಹುಡುಕುತ್ತಿದ್ದಾರೆ ಎಂದುಕೊಂಡೆ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ, ಮಾಡಿಯೂ ಇದ್ದೆ.

“ಪ್ರಶ್ನೆಗಳೇನಾದರೂ?” ಎಂದೆ. ಒಂದು ಕೈ ಎದ್ದಿತು. “ಸಾರ್, ಇದ್ರಲ್ಲಿ ಎಷ್ಟು ಮಾರ್ಕ್ಸಿಗೆ ಬರ್ತೈತೆ?”

ಪ್ರಿನ್ಸಿಪಾಲ್ ಮೇಡಂ ಇಬ್ಬರಿಗೂ “ಭಾಳ ಚೆನ್ನಾಗಿತ್ತು” ಎಂದರು. ಒಂದೇ ದನಿಯಲ್ಲಿ. ಆಮೇಲೆ ನನ್ನನ್ನು ಚೇಂಬರಿಗೆ ಕರೆದು ಒಂದು ಫಾರಂ ಮುಂದಿಟ್ಟರು. “ನೀವೇ ಹೆಚ್‌ಓಡಿ. ಯಾರಿಗೆ ಯಾವ ಪೇಪರು ಅಂತ ನೀವೇ ಹಂಚಿ ಶನಿವಾರದೊಳಗೆ ಕೊಡ್ರಿ. ನಾನು ಸೈನ್ ಹಾಕ್ತೀನಿ.” ಅವರ ಮುಖದಲ್ಲಿ ಭಾರ ಇಳಿಸಿದವರ ನೆಮ್ಮದಿ ಇತ್ತು.

ಎರಡು ದಿನ ಆ ಫಾರಂ ನನ್ನ ಬ್ಯಾಗಿನಲ್ಲಿತ್ತು. ನಿಯಮ ನನ್ನ ಕಡೆಗಿತ್ತು: ಕಾಯಂ ಇದ್ದವರಿಗೆ ಮೊದಲ ಆಯ್ಕೆ. ನಿಯಮವನ್ನು ಮೂರು ಸಲ ಓದಿದೆ. ಕತ್ತಲಗೆರೆಯ ಅಜ್ಜ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾದಾಗಲೆಲ್ಲ ನೀರು ಕುಡಿದೆ. ಶನಿವಾರ ಬೆಳಿಗ್ಗೆ ಫಾರಂನ ಮೊದಲ ಸಾಲಿನಲ್ಲಿ ನನ್ನ ಹೆಸರು, ಅದರ ಮುಂದೆ ‘ಪ್ರಾಚೀನ ನಾಗರಿಕತೆಗಳು’ ಎಂದು ಬರೆದೆ. ಮಿಕ್ಕಿದ್ದನ್ನು ಕೆಳಗೆ ಬರೆದೆ. ಮಿಕ್ಕಿದ್ದು ಸಾಲುತ್ತಿರಲಿಲ್ಲ.

ಅವರಿಗೆ ಜಗಳೂರಿನಲ್ಲಿ ಜಾಗ ಸಿಕ್ಕಿತು. ಹೊರಡುವ ದಿನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಬೇಸಿಗೆಯೆಲ್ಲ ಮಾಡಿದ ಟಿಪ್ಪಣಿಗಳ ಹಾಳೆಗಳನ್ನು ಸುತಳಿಯಲ್ಲಿ ಕಟ್ಟುತ್ತಿದ್ದರು. ನನಗೆ ನಾಚಿಕೆ ಎಂಬುದು ಇರಲಿಲ್ಲವೆಂದು ಈಗ ತೋರುತ್ತದೆ, ಕೇಳಿಯೇಬಿಟ್ಟೆ: “ಸಾರ್, ನಿಮಗೆ ಅಲ್ಲಿ ಈ ಪೇಪರ್ ಇಲ್ಲವಂತೆ. ಆ ಹಾಳೆಗಳು... ಹುಡುಗರಿಗೆ ಉಪಯೋಗವಾಗ್ತಿತ್ತು.”

ಅವರು ಗಂಟನ್ನು ಇನ್ನೊಂದು ಸುತ್ತು ಬಿಗಿದರು. “ಇಲ್ಲ ಸಾರ್. ಕೊಡಲ್ಲ” ಎಂದರು. ಬಾಗಿಲ ತನಕ ಹೋಗಿ ತಿರುಗಿ, “ನಿಮಗೇನ್ರಿ, ನಿಮ್ಮ ಗದ್ದೆ ತೂಬಿನ ಬಾಯಾಗೇ ಐತೆ” ಎಂದು ಹೇಳಿ ಹೋದರು.

ಅವರು ದೊಡ್ಡ ಮನಸ್ಸಿನಿಂದ ಕೊಟ್ಟುಬಿಟ್ಟಿದ್ದರೆ ನಾನು ಅವರನ್ನು ಮರೆಯುತ್ತಿದ್ದೆನೋ ಏನೋ.

ಮೊದಲ ವರ್ಷವೇ ಹುಡುಗರು ಕೇಳಿದರು, “ಸಾರ್, ನೀರಿನ ಕ್ಲಾಸು ಯಾವಾಗ?” ನಾನೂ ಬಯಲಿಗೆ ಕರೆದುಕೊಂಡು ಹೋದೆ. ಕಾಲುವೆಯನ್ನು ದಾರ ಹಿಡಿದು ನೇರವಾಗಿ ಗೀರಿದೆ, ಅಳತೆ ಮಾಡಿ ಗದ್ದೆ ಹಂಚಿದೆ, ಪೈಪನ್ನು ನಾನೇ ಹಿಡಿದು ನಿಂತೆ. ಯಾರೂ ಜಗಳವಾಡಲಿಲ್ಲ. “ಬಿಡ್ಲಾ?” ಎಂದೆ. “ಬಿಡಿ ಸಾರ್” ಎಂದರು. ಗದ್ದೆಗಳು ಒಂದಾದ ಮೇಲೊಂದು ವಿನಯದಿಂದ ನೆನೆದವು. ಹತ್ತು ನಿಮಿಷದ ಕೊನೆಗೆ ಬರವಣಿಗೆ ಹುಟ್ಟುವ ಯಾವ ಲಕ್ಷಣವೂ ಕಾಣಲಿಲ್ಲ. ಆ ಕ್ಲಾಸನ್ನು ಮತ್ತೆ ಮಾಡಲಿಲ್ಲ. ವರ್ಷ ವರ್ಷಕ್ಕೂ ಆ ಪೇಪರು ತೆಗೆದುಕೊಳ್ಳುವವರು ಕಡಿಮೆಯಾಗುತ್ತಾ ಬಂದರು. ಒಂಬತ್ತು ನೋಟ್‌ಬುಕ್ಕುಗಳು ಮಾತ್ರ ಇವತ್ತಿಗೂ ಹೊಸದರಂತಿವೆ.

ಮೊನ್ನೆ ಮಾರ್ಚಿನಲ್ಲಿ ಆ ಫೋಟೋ ಬಂದಾಗ ಒಂದು ಶಾಲು ಕೊಂಡು ಜಗಳೂರಿಗೆ ಹೊರಟೆ. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸುವಾಗ ಶಾಲಿನ ಬಣ್ಣ ಹೆಚ್ಚಾಯಿತೇನೋ ಎನ್ನಿಸಿತು. ಇಳಿಯುವಾಗ ಕಡಿಮೆಯಾಯಿತೇನೋ ಎನ್ನಿಸಿತು.

ಅವರು ಬಾಡಿಗೆ ಕೋಣೆ ಖಾಲಿ ಮಾಡುತ್ತಿದ್ದರು. “ಬರ್ರಿ ಬರ್ರಿ ಸಾರ್! ಚನ್ನಗಿರಿಯಿಂದ ಯಾರಾದ್ರೂ ಬಂದ್ರೆ ಕ್ಯಾಂಟೀನಿನವನು ಬಂದಾನು ಅಂದ್ಕೊಂಡಿದ್ದೆ. ಅವನಿಗೆ ನಾನು ಟೀ ದುಡ್ಡು ಕೊಡಾದು ಐತೆ” ಎಂದು ನಗುತ್ತಾ ಪುಸ್ತಕಗಳ ಗಂಟಿನ ಮೇಲೆ ನನ್ನನ್ನು ಕೂರಿಸಿದರು. ಶಾಲನ್ನು ನೋಡಿ, “ಹೊದಿಸಬ್ಯಾಡ್ರಿ, ಸೆಕೆ” ಎಂದು ತೆಗೆದು ಚೀಲಕ್ಕೆ ಹಾಕಿಕೊಂಡರು.

“ಪೇಪರ್ ಹೆಂಗೆ ನಡ್ದೈತೆ?”

“ನಡೀತಿದೆ.”

“ನೀರಿನ ಕ್ಲಾಸು ಮಾಡಿದ್ರಂತೆ. ಹುಡುಗ್ರು ಜಗಳ ಆಡ್ಲಿಲ್ಲಂತೆ?” ಸುದ್ದಿ ಅಷ್ಟು ದೂರ ಹೋಗಿತ್ತು. “ಪೈಪ್ ಯಾರ್ ಕೈಗೆ ಕೊಟ್ರಿ?”

“ನಾನೇ ಹಿಡ್ಕೊಂಡಿದ್ದೆ.”

“ಮೇಷ್ಟ್ರೇ ತೂಬು ಹಿಡ್ಕೊಂಡು ನಿಂತ್ರೆ ಹುಡುಗ್ರು ಏನ್ ಜಗಳ ಆಡ್ತಾರ್ರೀ?” ಎಂದು ಮಂಡಿ ತಟ್ಟಿಕೊಂಡು ನಕ್ಕರು.

ಅವರು ನಗು ಮುಗಿಸುವ ತನಕ ಕಾದು, ಬಸ್ಸಿನಲ್ಲಿ ಉರು ಹೊಡೆದಿದ್ದ ಮಾತು ಶುರು ಮಾಡಿದೆ. “ಸಾರ್, ಆ ವರ್ಷ ಫಾರಂ ತುಂಬಿದ್ದು ನಾನೇ...”

“ಗೊತ್ತು. ಮೇಡಂ ಕೈಬರಹ ದುಂಡಗೈತೆ. ಫಾರಂನಾಗೆ ಇದ್ದದ್ದು ನಿಮ್ಮದು.” ಚೀಲದ ಬಾಯಿ ಕಟ್ಟಿದರು. “ಹೊನ್ನಾಳಿಯಿಂದ ಇಲ್ಲಿಗೆ ಎರಡು ಬಸ್ಸು ಸಾರ್. ಆಮೇಲೆ ಇಲ್ಲೇ ರೂಮು ಮಾಡಿದೆ, ಆದ್ರೂ ವಾರಕ್ಕೊಂದು ಸಲ ಹೋಗಿಬರ್ಬೇಕು. ಏಳು ವರ್ಷ. ಬಸ್ಸಿನಾಗೆ ಯೋಚನೆ ಮಾಡಾಕೆ ಭಾಳ ಟೈಮ್ ಸಿಗ್ತಿತ್ತು.”

“ಏನು ಯೋಚನೆ ಮಾಡ್ತಿದ್ರಿ?”

“ಮೊದಲ ವರ್ಷ ನಿಮ್ಮ ಬಗ್ಗೆ. ಆಮೇಲೆ ಸುಮೇರಿಯಾ ಬಗ್ಗೆ.”

ಎರಡನೆಯ ವರ್ಷಕ್ಕೇ ನಾನು ಅವರ ತಲೆಯಿಂದ ಇಳಿದಿದ್ದೆ. ಅವರು ಏಳು ವರ್ಷವೂ ನನ್ನ ತಲೆಯಲ್ಲಿ ಕೂತಿದ್ದರು. ಕ್ಷಮೆ ಕೇಳಲು ಹೋದವನು ಅದಕ್ಕೂ ಹೊಟ್ಟೆ ಉರಿಸಿಕೊಂಡು ಕೂತೆ. ಮೂಲೆಯಲ್ಲಿ ಸುತಳಿ ಕಟ್ಟಿದ ಆ ಹಾಳೆಗಳ ಗಂಟು ಕಂಡಿತು. ನನ್ನ ಕಣ್ಣು ಹೋದದ್ದನ್ನು ನೋಡಿ ಅವರು ಎದ್ದು ಅದನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಮಾತು ಮುಂದುವರಿಸಿದರು.

ಊರಿಗೆ ಬಂದ ವಾರಕ್ಕೇ ಈ ವರ್ಷದ ಫಾರಂ ಬಂತು. ಈಗ ನಮ್ಮ ವಿಭಾಗಕ್ಕೆ ನ್ಯಾಮತಿಯಿಂದ ಒಬ್ಬರು ಮೇಡಂ ಬರುತ್ತಾರೆ, ಅತಿಥಿಯಾಗಿ. ಇನ್ನೂ ಮೂವತ್ತು ದಾಟಿಲ್ಲ. ಅವರಿಗೂ ಗಂಟೆಗಳು ಕಡಿಮೆ ಬೀಳುತ್ತಿದ್ದವು, ಸರಿಯಾಗಿ ಒಂದು ಪೇಪರಿನಷ್ಟು. ಈ ಸಲ ಫಾರಂ ಅನ್ನು ಕೆಳಗಿನಿಂದ ತುಂಬಿದೆ. ಕೊನೆಯ ಸಾಲಿನಲ್ಲಿ ಆ ಮೇಡಂ ಹೆಸರು, ಅದರ ಮುಂದೆ ‘ಪ್ರಾಚೀನ ನಾಗರಿಕತೆಗಳು’. ಮೇಲೆ ಬರುತ್ತಾ ಬರುತ್ತಾ ನನ್ನ ಸಾಲಿಗೆ ಉಳಿದದ್ದು ದಂಡಿ, ಉಪ್ಪು, ಮತ್ತು ಯಾರಿಗೂ ಬೇಡವಾದ ಪರಿಸರ ಅಧ್ಯಯನ. ಸೈನ್ ಹಾಕಿ ಕೊಟ್ಟು, ಐದು ನಿಮಿಷಕ್ಕೆ ವಾಪಸ್ ಇಸಿದುಕೊಳ್ಳಲು ಆಫೀಸಿಗೆ ಹೋದೆ. ಪ್ರಿನ್ಸಿಪಾಲ್ ಮೇಡಂ ಆಗಲೇ ಕಳಿಸಿಬಿಟ್ಟಿದ್ದರು.

ಹೊಸ ಮೇಡಂ, “ಸಾರ್, ರಜೆಯಾಗೆ ಹೆಂಗೆ ತಯಾರಿ ಮಾಡ್ಕೊಳ್ಳಲಿ?” ಎಂದು ಕೇಳಿದಾಗ ಒಂಬತ್ತು ನೋಟ್‌ಬುಕ್ ಕೊಡಬಹುದಿತ್ತು. ಹೊನ್ನಾಳಿ ಸಾರ್ ಫೋನ್ ನಂಬರ್ ಕೊಟ್ಟೆ. ಅವರು ಯಾರಿಗೂ ಏನೂ ಕೊಡುವವರಲ್ಲ ಎಂದು ಎಚ್ಚರಿಸಿಯೂ ಇದ್ದೆ.

ಹದಿನೈದು ದಿನಕ್ಕೆ ಮೇಡಂ ಕಾಲೇಜಿಗೆ ಬಂದರು, ಕಂಕುಳಲ್ಲಿ ಸುತಳಿ ಕಟ್ಟಿದ ಗಂಟು. “ಹೊನ್ನಾಳಿಗೆ ಹೋಗಿದ್ದೆ ಸಾರ್. ಮಂಡಕ್ಕಿ ಮೆಣಸಿನಕಾಯಿ ಕೊಟ್ರು, ಇವನ್ನೂ ಕೊಟ್ರು. ಎಲ್ಲಾ ನೀನೇ ಇಟ್ಕಳಮ್ಮ ಅಂದ್ರು.”

“ಎಲ್ಲವನ್ನೂ?”

“ಹೂಂ ಸಾರ್. ನಾನು ಕೇಳಲೂ ಇಲ್ಲ.”

ಕುರ್ಚಿಯ ಮೇಲೆ ಕೂತೆ. ಮೇಡಂ ಗಂಟು ಬಿಚ್ಚಿ ಒಂದು ಹಾಳೆ ಎಳೆದು ನನ್ನ ಮುಂದೆ ಹಿಡಿದರು. “ಇದೊಂದು ಅರ್ಥ ಆಗ್ಲಿಲ್ಲ ಸಾರ್. ನೋಡ್ರಿ, ಇಲ್ಲಿ ಹೊಡೆದು ಹಾಕಿ ಏನೋ ಬರ್ದಾರೆ.”

ಲಗಾಶ್ ಮತ್ತು ಉಮ್ಮಾದ ನೀರಿನ ಜಗಳದ ಹಾಳೆ ಅದು. ಮೂಲೆಯಲ್ಲಿ ಅರಿಶಿನದ ಕಲೆ. ಅವರು ತಪ್ಪು ಹೇಳಿದ್ದ ಕಾಲವನ್ನು ಅಡ್ಡ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದರು. ಅದರ ಮುಂದೆ ಸಣ್ಣ ಅಕ್ಷರಗಳಲ್ಲಿ: ‘ಸಾರ್ ಗುರುವಾರ ಹೇಳಿದ್ದು. ಅವರದೇ ಸರಿ.’ ಕೆಳಗೆ ನನ್ನ ಎಪ್ಪತ್ತನಾಲ್ಕು ಸ್ಲೈಡುಗಳ ಸಾರಾಂಶ, ಹಾಳೆಯ ಹಿಂಬದಿಯ ತನಕ.

“ಯಾವ ಸಾರ್ ಇದು? ನಿಮಗೇನಾದ್ರೂ ಗೊತ್ತಾ ಸಾರ್?”

“ಯಾರೋ ಇರಬೇಕಮ್ಮ. ಆಗ ಬಹಳ ಜನ ಇದ್ದರು” ಎಂದೆ.

ಮೇಡಂ ವಾಚು ನೋಡಿಕೊಂಡರು. ಕತ್ತಲಗೆರೆ ಕಡೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಆ ಅಜ್ಜ ಇನ್ನೂ ಇದ್ದಾನಂತೆ, ತೂಬು ತೆಗೆಯುವುದನ್ನು ನೋಡಲು ಬಾ ಎಂದಿದ್ದಾನಂತೆ. “ಸಾರ್, ಹಾಳೆ...” ಎಂದು ಕೈ ಚಾಚಿದರು.

ಕೊಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.